ಸುರ್ಮಾ ಹಚ್ಚದ ಶುಕ್ರವಾರ

ಹುನಗುಂದದಾಚೆ ಸೈನಿಕರ ತರಬೇತಿ ಶಿಬಿರವೊಂದಿದೆ. ಮಳೆ ಬಿದ್ದ ಮರುದಿನ ಅಲ್ಲಿಗೆ ಹೋಗಿ, ಗುಂಡು ಹಾರಿಸುವ ಮೈದಾನದಿಂದ ಹರಿದ ನೀರು, ಕೊಳಚೆ ಹೊಂಡದ ನೀರು, ಕೆಳಗಿನ ಹೊಲದ ಬಾವಿಯ ನೀರು ಎಲ್ಲವನ್ನೂ ಬಾಟಲಿಗೆ ತುಂಬಿ ಬಾಗಲಕೋಟೆಯ ಪ್ರಯೋಗಾಲಯಕ್ಕೆ ತರುವುದು ನನ್ನ ಕೆಲಸ. ಗುಂಡಿನ ಸೀಸ ನೀರಿಗೆ ಇಳಿದಿದೆಯೇ ಎಂದು ನೋಡಬೇಕು. ಬಸ್ಸಿನಲ್ಲಿ ಐಸ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರೆ ಪಕ್ಕಕ್ಕೆ ಯಾರೂ ಬರುವುದಿಲ್ಲ. ಅಮೀನಗಡದಲ್ಲಿ ಒಬ್ಬರು ಮಾತ್ರ ಕೂತು, "ಕುಲ್ಫಿ ಏನ್ರಿ?" ಎಂದಿದ್ದರು. "ಗಟಾರ ನೀರ್ರಿ" ಎಂದೆ. ಎದ್ದು ಹಿಂದಿನ ಸೀಟಿಗೆ ಹೋದರು.

ಬಾಟಲಿಗಳಲ್ಲಿ ಒಂದು ಪ್ರಯೋಗಾಲಯದಿಂದಲೇ ಒಯ್ದ ಶುದ್ಧ ನೀರಿನದು. ಹೊಂಡದ ದಂಡೆಯಲ್ಲಿ ಅದನ್ನೂ ತೆರೆದು, ಮುಚ್ಚಿ ತರುತ್ತೇನೆ. ಅದರಲ್ಲಿ ಏನಾದರೂ ಸಿಕ್ಕರೆ ತಪ್ಪು ಊರಿನ ನೀರಿನದಲ್ಲ, ನನ್ನ ಕೈಯದು. ಮನೆಯ ಕೀಲಿಯನ್ನೇ ಮೂರು ಸಲ ಜಗ್ಗಿ ನೋಡುವ ನನಗೆ ಈ ಬಾಟಲಿಯಷ್ಟು ಹೆದರಿಕೆ ಹುಟ್ಟಿಸಿದ್ದು ಬೇರೆ ಇಲ್ಲ.

ಕೆಳಗಿನ ಹೊಲದ ಬಾವಿಯ ಮನೆಯವಳು ಪ್ರತಿ ಸಲ ಒಂದೇ ಮಾತು ಕೇಳುತ್ತಿದ್ದಳು. "ಅಣ್ಣಾರ, ಈ ನೀರು ಮೊಮ್ಮಗಳಿಗಿ ಕುಡಸ್ಲ್ಯೋ ಬ್ಯಾಡೋ? ದೂರದ ನಳದಿಂದ ಹೊತ್ತು ಹೊತ್ತು ನಡಾ ಬಿದ್ದೈತಿ."

ಶುಕ್ರವಾರ ನನ್ನ ಕಣ್ಣಿಗೆ ಸುರ್ಮಾ ಹಚ್ಚುವುದು ಹೆಂಡತಿಯ ಕೆಲಸವಾಗಿತ್ತು. ಅವಳು ತೀರಿಹೋದ ಮೇಲೆ ನಾನೇ ಹಚ್ಚಿಕೊಳ್ಳುತ್ತೇನೆ, ಸೊಟ್ಟಗೆ. ಅಂಥ ಒಂದು ಶುಕ್ರವಾರ ಹೊಂಡದ ದಂಡೆಯಲ್ಲಿ ಕಣ್ಣು ತುಂಬಿ ಬಂತು. ಗಾಳಿ ಇತ್ತು ಎಂದುಕೊಳ್ಳೋಣ. ಕೈಗವಸು ತೊಟ್ಟ ಕೈಯಿಂದಲೇ ಒರೆಸಿಕೊಂಡು ಬಾಟಲಿ ತೆರೆದೆ.

ವಾರದ ಮೇಲೆ ಪ್ರಯೋಗಾಲಯದ ಗೆಳೆಯ ಫೋನ್ ಮಾಡಿದ. "ಸಾಹೇಬ್ರ, ನಿಮ್ಮ ಶುದ್ಧ ನೀರಾಗ ಸೀಸ ಬಂದೈತ್ರಿ! ಗುಂಡು ನುಂಗಿ ಹೋಗಿದ್ರೇನು?"

ಮನೆಯಲ್ಲಿ ಸುರ್ಮಾದ ಡಬ್ಬಿ ಕಣ್ಣಿಗೆ ಬಿದ್ದಾಗ, ಆ ದಿನ ಕಣ್ಣೊರೆಸಿದ ಕೈಗವಸು ನೆನಪಾಯಿತು. ಒಂದು ಚಿಟಿಕೆ ಪರೀಕ್ಷೆಗೆ ಕೊಟ್ಟೆ. ಅದರ ತುಂಬ ಸೀಸವೇ. ಆ ದಿನದ ಎಲ್ಲ ಬಾಟಲಿಗಳೂ ರದ್ದಾದವು.

"ನನ್ನಿಂದ ತಪ್ಪಾತವಾ. ಇನ್ನೊಂದ್ ಮಳಿ ಆಗ್ಲಿ" ಎಂದು ಬಾವಿಯ ಮನೆಯವಳಿಗೆ ಹೇಳಿದೆ.

"ಮಳಿ ನಿಮ್ಮ ಕೈಯಾಗೈತೇನ್ರಿ?" ಎಂದವಳೇ ಕೊಡ ಎತ್ತಿಕೊಂಡು ನಳದ ಕಡೆ ನಡೆದಳು.

ಮಳೆ ಬಂತು, ಅದೂ ಗುರುವಾರವೇ. ಮರುದಿನ ಬರಿಗಣ್ಣಿನಲ್ಲಿ ಹೋದೆ. ಅವಳು ನನ್ನನ್ನೇ ದಿಟ್ಟಿಸಿದಳು. "ಕಣ್ಣಾಗ ಕಪ್ಪಿಲ್ಲಲ್ರಿ ಇವತ್ತ. ಮನ್ಯಾಗ ಎಲ್ಲಾರೂ ಆರಾಮ?"

ಮನೆಯಲ್ಲಿ ಎಲ್ಲರೂ ಎಂದರೆ ನಾನೇ. "ಆರಾಮ್ರಿ" ಎಂದೆ.

ಈ ಸಲ ಶುದ್ಧ ನೀರು ಶುದ್ಧವಾಗಿಯೇ ಬಂತು. ಹೊಂಡದಲ್ಲಿ ಸೀಸವಿತ್ತು, ಬಾವಿಯಲ್ಲಿ ಇರಲಿಲ್ಲ. ಫೋನಿನಲ್ಲಿ ತಿಳಿಸಬಹುದಿತ್ತು, ಆದರೂ ಬಸ್ಸು ಹತ್ತಿದೆ. ಸುದ್ದಿ ಕೇಳಿ ಅವಳು ಒಳಗೆ ಹೋಗಿ ಬಾವಿಯ ನೀರನ್ನೇ ಒಂದು ತಂಬಿಗೆ ತಂದಳು.

"ಮೊದಲ ನೀವ ಕುಡೀರಿ."

ಅಭ್ಯಾಸಬಲದಿಂದ ತಂಬಿಗೆಯೊಳಗೆ ಇಣುಕಿದೆ. ಅವಳು ಕಣ್ಣು ಮಿಟುಕಿಸದೆ ಕಾಯುತ್ತಿದ್ದಳು. ಪೂರ್ತಿ ಕುಡಿದೆ.