ಐರಾವತಕ್ಕೆ ಕಡ್ಡಿ ಕಚ್ಚಲು ಬಾರದು

ಪಾಂಡವಪುರದಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ರಸ್ತೆಯ ಪಕ್ಕ, ತಗಡಿನ ಶೆಡ್ಡೊಂದರಲ್ಲಿ ದಾಸಯ್ಯ ರಾಜ್ಯಭಾರ ಮಾಡುತ್ತಾನೆ. ಅವನ ಸೈನ್ಯವೆಂದರೆ ಒಂದು ಲೇತು, ಒಂದು ಗ್ರೈಂಡರು, ಮತ್ತು ಹರಾಜಿನಲ್ಲಿ ಗೆದ್ದು ತಂದ ಹಳೆಯ ಮಿಲ್ಲಿಂಗ್ ಮಷೀನು. ವಯಸ್ಸಿನಲ್ಲಿ ದಾಸಯ್ಯನಿಗಿಂತ ಹಿರಿಯದಾದ ಈ ಯಂತ್ರದ ಹೆಸರು ಐರಾವತ. ಆಲೆಮನೆಯ ಗಾಣದ ಉಕ್ಕನ್ನು ಅದು ಕಬ್ಬಿನಂತೆ ಅಗಿದು ಉಗಿಯುತ್ತದೆ. ಖುಷಿಪಟ್ಟ ಆಲೆಮನೆಯವರು ಕೊಡುವ ಬೆಲ್ಲವನ್ನು ದಾಸಯ್ಯ ಪ್ರತಿ ಶುಕ್ರವಾರ ಪೂಜೆ ಮಾಡಿ, ಉಕ್ಕು ಕೊರೆಯುವ ಕಟ್ಟರು ಕೂರುವ ಐರಾವತದ ಬಾಯೊಳಗೇ ಬೆರಳು ತೂರಿಸಿ ಸವರುತ್ತಾನೆ. ಬೇರೆ ಶೆಡ್ಡುಗಳವರು ತಮ್ಮ ಯಂತ್ರಕ್ಕೆ ಕುಂಕುಮವಿಟ್ಟು ಸುಮ್ಮನಾಗುತ್ತಾರೆ.

"ಬರೀ ಅಣೆಗಿಟ್ರೆ ಒಟ್ಟೆ ತುಂಬ್ತದಾ?" ಎಂದು ದಾಸಯ್ಯನ ವಾದ.

ಇಂಥ ಮಹಾರಥಿಯ ಮಾನ ಒಂದು ಶುಕ್ರವಾರ ಮಂಚಮ್ಮನ ಕೈಗೆ ಸಿಕ್ಕಿತು. ಆಕೆಯದು ಹಸು ಸಾಕುವ ಬದುಕು. ಮಣಿಕಟ್ಟು ಊದಿಕೊಂಡು ಕೈಯಲ್ಲಿ ಕರೆಯಲಾಗದೆ, ಹಾಲು ಕರೆಯುವ ಮಷೀನು ಇಟ್ಟುಕೊಂಡಿದ್ದಳು. ಈಗ ಅದರ ಪಂಪಿನ ಶಾಫ್ಟಿನಲ್ಲಿ ಚಕ್ರ ಜಾರದಂತೆ ಹಿಡಿಯುವ ಕೀ ಎಂಬ ಉಕ್ಕಿನ ತುಂಡು ಕೂರುವ ಸಣ್ಣ ಸೀಳು ಸವೆದುಹೋಗಿತ್ತು. ಇನ್ನೊಂದು ಮಗ್ಗುಲಲ್ಲಿ ಹೊಸದು ಕೊರೆಯಬೇಕು.

"ಸಂಜೆ ಕರಿಯೋ ಒತ್ಗೆ ಆಗ್ಬೇಕು ಕಣ್ಲಾ ದಾಸ. ಇಲ್ದಿದ್ರೆ ಮೈಸೂರ್ಗೆ ತಕಂಡೋಯ್ತೀನಿ."

"ಮೈಸೂರ್ಗಾ? ನಾನೇನ್ ಸತ್ತೋಗಿದ್ದೀನಾ ಮಂಚಕ್ಕ?"

ದಾಸಯ್ಯ ಪೆನ್ಸಿಲ್ಲಿಗಿಂತ ತೆಳ್ಳಗಿನ ಕಟ್ಟರೊಂದನ್ನು ತೂತು ಕೊರೆಯುವ ಕಡ್ಡಿ ಹಿಡಿಯುವ ಡ್ರಿಲ್ ಚಕ್ಕಿಗೆ ಸಿಕ್ಕಿಸಿ, ಚಕ್ಕನ್ನು ಐರಾವತದ ಬಾಯಿಗಿಟ್ಟು, ಸ್ವಿಚ್ಚು ಒತ್ತಿ ಯುದ್ಧದ ಕಹಳೆ ಮೊಳಗಿಸಿದ. ಶಾಫ್ಟಿಗೆ ಮುಟ್ಟಿದ್ದೇ ತಡ, ಅಡ್ಡ ಒತ್ತಡಕ್ಕೆ ಚಕ್ಕು ಕಟ್ಟರಿನ ಸಮೇತ ಕಳಚಿ ಬಿತ್ತು. ಕಟ್ಟರು ಎರಡು ತುಂಡಾಯಿತು.

ಪಕ್ಕದ ವೆಲ್ಡಿಂಗ್ ಅಂಗಡಿಯ ಅಜ್ಮಲ್ ಇಣುಕಿದ. "ಅರೆ ಯಾರ್, ಡ್ರಿಲ್ ಚಕ್ಕಲ್ಲಿ ಮಿಲ್ಲಿಂಗ್ ಮಾಡ್ತಾರೇನ್ಲಾ? ಕಾಲೆಟ್ ಹಾಕು."

ಕಾಲೆಟ್ ಎಂದರೆ ಯಂತ್ರದ ಬಾಯೊಳಗೆ ಕೂತು ಕಟ್ಟರಿನ ಕತ್ತು ಹಿಡಿಯುವ, ಸೀಳಿದ ಉಕ್ಕಿನ ಕೊಳವೆ. ಅಳತೆಗೆ ಸರಿಯಾದದ್ದು ಇರಲಿಲ್ಲ. ದಾಸಯ್ಯ ದೊಡ್ಡದೊಂದಕ್ಕೆ ಎಣ್ಣೆ ಡಬ್ಬಿಯ ತಗಡು ಸುತ್ತಿದ. ಎರಡನೆಯ ಕಟ್ಟರೂ ವೀರಸ್ವರ್ಗ ಸೇರಿತು. ಅಜ್ಮಲ್ ಸ್ಕೂಟರಿನಲ್ಲಿ ಹೋಗಿ ಎಲ್ಲಿಂದಲೋ ಸರಿಯಾದ ಕಾಲೆಟ್ಟನ್ನೇ ತಂದ. ಮೂರನೆಯದೂ ಟಿಕ್ಕೆಂದು ಮುರಿಯಿತು. ದಾಸಯ್ಯ ಕಟ್ಟರು ಮಾರಿದವನನ್ನೂ ಕರೆಂಟನ್ನೂ ಕೊನೆಗೆ ಹಸುಗಳನ್ನೂ ಬೈದ.

"ಬುಡ್ಲಾ," ಎಂದಳು ಮಂಚಮ್ಮ, ಊದಿದ ಕೈ ನೀವಿಕೊಳ್ಳುತ್ತ. "ಇವತ್ತು ಈ ಕೈಯಲ್ಲೇ ಕರಿಯೋದು, ಅಳೋದು."

ಇನ್ನುಳಿದಿದ್ದು ಒಂದೇ ಕಟ್ಟರು. ದಾಸಯ್ಯನ ಕೈ ಅದನ್ನು ತೆಗೆಯಲೂ ಹೆದರಿತು. ಶಾಫ್ಟನ್ನು ಎತ್ತಿಕೊಳ್ಳಲು ಬಂದ ಮಂಚಮ್ಮ ಐರಾವತದ ಬಾಯಿ ನೋಡುತ್ತ ನಿಂತಳು.

"ಇದೇನ್ಲಾ, ನಿನ್ ಮಿಷನ್ ಬಾಯಲ್ಲಿ ಇರುವೆ ಸಾಲು?"

ದಾಸಯ್ಯ ಬೆರಳು ತೂರಿಸಿ ಕೆರೆದ. ವರ್ಷಗಟ್ಟಲೆ ಸವರಿದ ಬೆಲ್ಲ ಎಣ್ಣೆಯೊಡನೆ ಬೆರೆತು, ಒಂದೇ ಮಗ್ಗುಲಿಗೆ ಕಲ್ಲಿನಂತೆ ಕೂತಿತ್ತು. ಒಳಗೆ ಹೋದದ್ದೆಲ್ಲ ಓರೆಯಾಗಿ ಕೂರುತ್ತಿತ್ತು. ದಪ್ಪ ಕಟ್ಟರುಗಳು ಆ ಓರೆಯನ್ನು ಲೆಕ್ಕಕ್ಕಿಡದೆ ಉಕ್ಕು ಅಗಿಯುತ್ತಿದ್ದವು. ಕಡ್ಡಿಯಂಥವು ತೊನೆದು ಮುರಿಯುತ್ತಿದ್ದವು.

"ಯಾ ಅಲ್ಲಾ! ಆನೆಗೆ ಸಕ್ಕರೆ ಕಾಯ್ಲೆ ತಂದ್ಬುಟ್ಟಲ್ಲೋ!" ಅಜ್ಮಲ್ ನೆಲಕ್ಕೆ ಕೂತು ನಕ್ಕ.

ದಾಸಯ್ಯನಿಗೆ ನಗು ಬರಲಿಲ್ಲ. ಟೀ ಅಂಗಡಿಯಿಂದ ಬಿಸಿನೀರು ತರಿಸಿ, ಬಟ್ಟೆ ಸುತ್ತಿದ ಕೋಲಿನಿಂದ ತಿಕ್ಕಿದ. ಕಂದು ಪಾನಕ ಇಳಿಯಿತು. ಒರೆಸಿ, ಎಣ್ಣೆ ಮುಟ್ಟಿಸಿ, ಕೊನೆಯ ಕಟ್ಟರನ್ನು ಕೂರಿಸಿ ಹಿಡಿ ತಿರುಗಿಸಿದ. ಕಟ್ಟರು ಅಲುಗಾಡದೆ ತಿರುಗಿತು. ಕೂದಲಿನಂಥ ಉಕ್ಕಿನ ಚೂರುಗಳು ಸುರುಳಿಸುರುಳಿಯಾಗಿ ಉದುರಿದವು.

ಹೊಸ ಸೀಳಿನಲ್ಲಿ ಕೀ ಒತ್ತಿ ನೋಡಿದ ಮಂಚಮ್ಮನ ಮುಖ ಅರಳಿತು. ಸೆರಗಿನ ಗಂಟು ಬಿಚ್ಚಿ ಒಂದು ಉಂಡೆ ಬೆಲ್ಲ ಕೊಟ್ಟಳು. ದಾಸಯ್ಯನ ಕೈ ತನ್ನಷ್ಟಕ್ಕೆ ಐರಾವತದ ಬಾಯಿಯತ್ತ ಏರಿತು.

ಊದಿದ ಕೈಯಲ್ಲೇ ಅವಳು ಅವನ ಕೈ ಮೇಲೆ ಪಟ್ಟೆಂದು ಹೊಡೆದಳು. "ನೀನ್ ತಿನ್ಲಾ, ಮುಂಡೇದೆ!"