ತಾವರೆಕೆರೆಯವಳ ಆಲದ ಮರ

ಮಲ್ಲತ್ತಹಳ್ಳಿ ಕೆರೆ ಏರಿಯ ದೊಡ್ಡ ಆಲದ ಮರಕ್ಕೆ ಕಳೆದ ವಾರ ಒಂದು ಬೋರ್ಡು ಬಂತು: ‘ಫೈಕಸ್ ಬೆಂಗಾಲೆನ್ಸಿಸ್’. ಸುದ್ದಿಮನೆಯಲ್ಲಿ ಅರ್ಧ ಆಯುಷ್ಯ ಬೇರೆಯವರ ವಾಕ್ಯ ತಿದ್ದುತ್ತ ಕಳೆದ ನನಗೆ ಪದದ ತಲೆಗಿಂತ ಬಾಲದ ಮೇಲೆಯೇ ಕಣ್ಣು. ‘ಎನ್ಸಿಸ್’ ಎಂಬುದು ಲ್ಯಾಟಿನ್ ಪ್ರತ್ಯಯ. ಊರಿನ ಹೆಸರಿಗೆ ಅಂಟಿಸಿದರೆ ‘ಆ ಊರಿನ’ ಎಂಬ ವಿಶೇಷಣ; ‘ಬೆಂಗಾಲೆನ್ಸಿಸ್’ ಎಂದರೆ ಬಂಗಾಳದ್ದು. ರೋಮನ್ನರು ಅಥೆನ್ಸಿನವರನ್ನೂ ಕಾರ್ಥೇಜಿನವರನ್ನೂ ಹೀಗೇ ಗುರುತಿಸಿದರು. ಅವರ ಸಾಮ್ರಾಜ್ಯ ಹೋಯಿತು, ಬಾಲ ಉಳಿಯಿತು. ಸವೆದು ಸವೆದು ‘ಈಸ್’ ಆಗಿ, ನಾಗರಭಾವಿಯ ಗೋಬಿ ಗಾಡಿಯ ಮೇಲಿನ ‘ಚೈನೀಸ್’ನಲ್ಲಿ ಇಂದಿಗೂ ಅಲ್ಲಾಡುತ್ತಿದೆ. ಇದನ್ನು ನೆನೆದರೆ ನನ್ನಂಥ ಒಣ ಮನುಷ್ಯನಿಗೂ ಮೈ ಜುಮ್ಮೆನ್ನುತ್ತದೆ.

ಮೊನ್ನೆ ಬೆಳಿಗ್ಗೆ ವಾಕಿಂಗ್ ಹೋದಾಗ ಲಕ್ಕಣ್ಣನವರು ಆ ಬೋರ್ಡಿನ ದಾರ ಬಿಚ್ಚುತ್ತಿದ್ದರು. ಊರಿನ ಹಳೇ ಒಕ್ಕಲು. ಹೊಲವೆಲ್ಲ ಬಡಾವಣೆಯಾದ ಮೇಲೆ, ತಾವು ಕಣ್ಣಲ್ಲೇ ಕಾಣದ ಅಜ್ಜಿಯ ಗುರುತೆಂದು ಅವರಿಗೆ ಉಳಿದದ್ದು ಆ ಮರವೊಂದೇ. ಬೋರ್ಡು ಕಟ್ಟಿದ್ದ ಸಸ್ಯಶಾಸ್ತ್ರದ ವಿದ್ಯಾರ್ಥಿನಿ, ಸಿಂಧನೂರಿನ ಶಾಂತಾ, ಪಕ್ಕದಲ್ಲೇ ಕಂಗಾಲಾಗಿ ನಿಂತಿದ್ದಳು.

“ನಮ್ಮಜ್ಜಿ ನೆಟ್ಟಿದ್ ಮರ ಸಾರ್. ಬಂಗಾಳದ್ದು ಅಂದ್ರೆ ಸುಮ್ನೆ ಒಪ್ಕೊಂಡ್ಬಿಡ್ಬೇಕಾ?” ಎಂದರು ಲಕ್ಕಣ್ಣ, ನನ್ನನ್ನು ಕಂಡು.

“ಶಾಸ್ತ್ರದಾಗ ಮೊದಲ್ ಇಟ್ಟ ಹೆಸರು ಬದ್ಲಿ ಮಾಡಾಕ ಬರಂಗಿಲ್ರಿ,” ಎಂದಳು ಶಾಂತಾ. “ಕೆಳಗ ನೆಟ್ಟವ್ರ ಹೆಸರು ಬರೀತೀನ್ರಿ. ಅಜ್ಜಿ ಹೆಸರೇನ್ರಿ?”

“ತಾವರೆಕೆರೆಯವ್ಳು.”

“ಅದು ಊರಲ್ರಿ?”

ಊರೇ. ಸೊಸೆಯಾಗಿ ಬಂದವಳನ್ನು ತವರೂರಿನಿಂದಲೇ ಕರೆಯುವುದು ಈ ಹಳ್ಳಿಗಳ ರೂಢಿ. ಲಕ್ಕಣ್ಣ ತಡಬಡಿಸಿ, ಆ ಅಜ್ಜಿಯ ಮಗಳಾದ ತಮ್ಮ ಸೋದರತ್ತೆಗೆ ಫೋನ್ ಮಾಡಿ, ಸ್ಪೀಕರ್ ಹಾಕಿದರು.

“ನಾನ್ ಅವ್ವ ಅಂತಿದ್ದೆ, ಊರೆಲ್ಲ ತಾವರೆಕೆರೆಯವ್ಳು ಅಂತಿತ್ತು ಕಣೋ,” ಎಂದು ಮುದುಕಿ ಗದರಿದರು. “ನಂಗೆ ಬುದ್ಧಿ ಬರೋ ಹೊತ್ಗೆ ಹೋಗ್ಬಿಟ್ಲು. ಹೆಸರ್ ಯಾರ್ ಕೇಳಿದ್ರು? ನಿಂಗ್ಯಾಕೆ ಈಗ ಬೇಕಾಯ್ತು?”

ನಾನು ಬೆರಗಾದೆ. ಲ್ಯಾಟಿನ್ನಿನ ಗಾಳಿಯೂ ಸೋಕದ ಊರು ಒಬ್ಬ ಹೆಂಗಸಿಗೆ ಅದೇ ಬಾಲ ಕಟ್ಟಿತ್ತು; ಬಾಲ ಎಷ್ಟು ಗಟ್ಟಿಯೆಂದರೆ, ಹೆತ್ತ ಮಗಳಿಗೂ ಅದರಾಚೆ ಏನೂ ಗೊತ್ತಿಲ್ಲ.

ಲಕ್ಕಣ್ಣ ಫೋನನ್ನು ಜೇಬಿಗಿಟ್ಟರು. ಆಮೇಲೆ ಬೋರ್ಡನ್ನು ತಾವೇ ಮತ್ತೆ ಕಟ್ಟಿದರು.

“ಕೆಳಗೊಂದ್ ಗೆರೆ ಖಾಲಿ ಬಿಡಮ್ಮ,” ಎಂದರು. “ನಾಳೆ ತಾವರೆಕೆರೆಗೆ ಹೋಗ್ಬರ್ತೀನಿ. ಅಲ್ಲಂತೂ ಅವಳ್ನ ತಾವರೆಕೆರೆಯವ್ಳು ಅಂತ ಯಾರೂ ಕರ್ದಿರಲ್ಲ, ಅಲ್ವಾ ಸಾರ್?”