ದೀರ್ಘಣ್ಣ ತಿದ್ದಿದ ಹದಿನೇಳನೇ ಕಲಮು

ಛಾಪಖಾನೆಯಲ್ಲಿ ಎಲ್ಲರೂ ಅವರನ್ನು ದೀರ್ಘಣ್ಣ ಎಂದೇ ಕರೆಯುತ್ತಿದ್ದರು. ಆಳು ಗಿಡ್ಡ. ಆದರೆ ಮೂವತ್ತೊಂದು ವರ್ಷ ಕರಡು ತಿದ್ದಿದ ಆ ಕಣ್ಣಿನಿಂದ ಒಂದು ದೀರ್ಘವಾಗಲಿ ಒಂದು ಒತ್ತಾಗಲಿ ತಪ್ಪಿಸಿಕೊಂಡದ್ದಿಲ್ಲ. ಶಾಲೆಯ ಪಠ್ಯ, ಔಷಧಿಯ ಚೀಟಿ, ವಿಮೆ ಕಂಪನಿಯ ಪುಸ್ತಿಕೆ, ಏನೇ ಬರಲಿ, ಅಕ್ಕಿಯಲ್ಲಿ ಕಲ್ಲು ಆರಿಸುವವರಂತೆ ಅಕ್ಷರ ಅಕ್ಷರ ಹೆಕ್ಕಿ ನೋಡುತ್ತಿದ್ದರು. ಅರ್ಥದ ಗೊಡವೆಗೆ ಮಾತ್ರ ಹೋಗುತ್ತಿರಲಿಲ್ಲ. "ಅರ್ಥದ ಹಿಂದೆ ಬಿದ್ರೆ ಕಣ್ಣು ಓಡಿಬಿಡುತ್ತೆ, ತಪ್ಪು ಉಳಿದುಬಿಡುತ್ತೆ" ಎನ್ನುವುದು ಅವರ ವಾದ.

ಐವತ್ತೈದರಲ್ಲಿ ಒಂದು ಹಳೆಯ ಕಾರು ಕೊಂಡಾಗ, ತಾವು ಪುಸ್ತಿಕೆಯ ಕರಡು ನೋಡಿದ್ದ ಕಂಪನಿಯಲ್ಲೇ ವಿಮೆ ಮಾಡಿಸಿದರು.

"ಪುಸ್ತಿಕೆ ಒಂದ್ಸಲ ಓದ್ಬಾರ್ದಾ?" ಎಂದಳು ಹೆಂಡತಿ.

"ನಾಲ್ಕು ಸಲ ಓದಿದೀನಿ ಕಣೇ. ಒಂದು ಕಾಗುಣಿತದ ತಪ್ಪಿಲ್ಲ!"

ಆ ವರ್ಷ ಮೂರು ದಿನ ಮಳೆ ಬಿಡದೆ ಹೊಯ್ದು, ಅವರ ಮನೆಯಿದ್ದ ಕಟ್ಟಡದಲ್ಲಿ ಕಾರು ನಿಲ್ಲಿಸುವ ನೆಲಮಾಳಿಗೆಯಲ್ಲಿ ಎದೆಮಟ್ಟ ನೀರು ನಿಂತಿತು. ನೀರಿಳಿದ ಮೇಲೆ ದೀರ್ಘಣ್ಣ ಕೆಳಗಿಳಿದರೆ, ಕಾರಿನ ಬಾಗಿಲಿನಿಂದ ಇನ್ನೂ ಕೆಸರು ತೊಟ್ಟಿಕ್ಕುತ್ತಿತ್ತು. ಜೊತೆಗೆ ಬಂದಿದ್ದ ಹೆಂಡತಿಯ ತಮ್ಮನಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ.

"ಒಂದು ಸಲ ಸ್ಟಾರ್ಟ್ ಮಾಡಿ ನೋಡಿ ಭಾವ. ಹೋದ್ರೆ ಹೋಗ್ಲಿ, ವಿಮೆ ಇದೆಯಲ್ಲ."

ಭಾವ ಕೀ ತಿರುಗಿಸಿದರು. ಎಂಜಿನ್ ಒಮ್ಮೆ ಗುಟುರು ಹಾಕಿ ಬಿಗಿದುಕೊಂಡಿತು. ಆಮೇಲೆ ಜಪ್ಪಯ್ಯ ಎಂದರೂ ಉಸಿರೆತ್ತಲಿಲ್ಲ.

ವಿಮೆ ಕಚೇರಿಯಲ್ಲಿ ಎಳೆಯ ವಯಸ್ಸಿನ ಅಧಿಕಾರಿಣಿ ಕಡತ ತಿರುವಿದಳು. "ಸೀಟಿಗೆ, ವೈರಿಂಗಿಗೆ ದುಡ್ಡು ಬರುತ್ತೆ ಸರ್. ಎಂಜಿನ್‌ಗೆ ಬರಲ್ಲ."

"ಅದ್ಯಾಕಮ್ಮ? ಮುಳುಗಿದ್ದು ಇಡೀ ಕಾರು ತಾನೇ?"

"ಮುಳುಗಿದ್ದಕ್ಕೆ ಹಾಳಾಗಿಲ್ಲ ಸರ್, ನೀವು ಸ್ಟಾರ್ಟ್ ಮಾಡಿದ್ದಕ್ಕೆ ಹಾಳಾಗಿದೆ. ಹಾಗೇ ಗ್ಯಾರೇಜಿಗೆ ಎಳೆಸ್ಕೊಂಡು ಹೋಗಿದ್ರೆ ಆಗ್ತಿತ್ತು. ಹದಿನೇಳನೇ ಕಲಮು ನೋಡಿ."

ಇರುವೆ ಸಾಲಿನಂಥ ಅಕ್ಷರ. 'ನೀರು ಹೊಕ್ಕ ಎಂಜಿನ್ನನ್ನು ಚಾಲೂ ಮಾಡಿದ್ದರಿಂದ ಉಂಟಾದ ಹಾನಿಗೆ ಪರಿಹಾರ ಇಲ್ಲ.' ದೀರ್ಘಣ್ಣನಿಗೆ ಆ ಸಾಲಿನ ಗುರುತು ಹತ್ತಿತು. ಎರಡು ವರ್ಷದ ಹಿಂದೆ, ಅಕ್ಷರ ಜೋಡಿಸಿದವನ ಕಣ್ತಪ್ಪಿನಿಂದ ಈ ಸಾಲಿನ ಕೊನೆಯ ಪದವೇ ಬಿಟ್ಟುಹೋಗಿ, 'ಹಾನಿಗೆ ಪರಿಹಾರ' ಎಂದಷ್ಟೇ ಉಳಿದಿತ್ತು. ಹಸ್ತಪ್ರತಿಯ ಜೊತೆ ತಾಳೆ ನೋಡಿ, ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಅದನ್ನು ಬರೆದು ಸೇರಿಸಿದ್ದರು. ಕಂಪನಿ ಮೆಚ್ಚುಗೆ ಪತ್ರವನ್ನೂ ಕಳಿಸಿತ್ತು.

"ಈ 'ಇಲ್ಲ' ಇದೆಯಲ್ಲ, ಇದನ್ನ ಹಾಕಿದ್ದು ನಾನೇ ಕಣಮ್ಮ" ಎಂದರು.

ಅವಳು ಅವರನ್ನೇ ನೋಡಿ, "ನೀರು ಕುಡೀತೀರಾ ಸರ್?" ಎಂದಳು.

ಮನೆಯಲ್ಲಿ ಹೆಂಡತಿ ಸಿಡುಕಿದಳು. "ಜನ್ಮದಲ್ಲಿ ಒಂದೇ ಒಂದು ತಪ್ಪನ್ನ ಹಾಗೇ ಬಿಡೋಕಾಗ್ಲಿಲ್ವಾ ನಿಮ್ಗೆ?" ದೀರ್ಘಣ್ಣನಿಗೆ ಸಿಟ್ಟು ಬಂದಿದ್ದು ಕಂಪನಿಯ ಮೇಲಲ್ಲ. ನಾಲ್ಕು ಸಲ ಓದಿಯೂ ಓದಿರಲಿಲ್ಲವಲ್ಲ ಎಂದು ತಮ್ಮ ಮೇಲೇ.

ಮುಂದಿನ ಭಾನುವಾರ ಪುಸ್ತಿಕೆ ಹಿಡಿದು ಅರ್ಥಕ್ಕಾಗಿಯೇ ಓದಲು ಕೂತರು. ಮೂರು ಭಾನುವಾರ ಹಿಡಿಯಿತು. ಆಮೇಲೆ ಬಾಯಿ ಕಟ್ಟಲಾಗಲಿಲ್ಲ. ಮೆಟ್ಟಿಲ ಮೇಲೆ ಸಿಕ್ಕ ನೆರೆಯವರಿಗೆಲ್ಲ ಶುರುಮಾಡಿದರು. "ಕಾರನ್ನ ಬಾಡಿಗೆಗೆ ಬಿಟ್ಟಿದೀರಲ್ಲ, ಗುದ್ದಿದ್ರೆ ನಯಾಪೈಸೆ ಬರಲ್ಲ." "ನಿಮ್ಮ ಲೈಸೆನ್ಸ್ ಮುಗಿದಿದೆಯಾ? ಹಾಗಾದ್ರೆ ಮುಗೀತು ಬಿಡಿ." ಕೇಳಿದವರು ಮೊದಲು ಬೆಚ್ಚಿದರು, ಆಮೇಲೆ ಬೇಸತ್ತರು. ತಿಂಗಳೊಳಗೆ ಅವರ ಕೆಮ್ಮು ಕೇಳಿಸಿದರೆ ಸಾಕು, ಜನ ಹಿಂದಿನ ಮೆಟ್ಟಿಲು ಹಿಡಿಯತೊಡಗಿದರು. ಹೆಂಡತಿಯ ತಮ್ಮನಂತೂ ಮನೆ ಕಡೆ ತಲೆ ಹಾಕುವುದನ್ನೇ ಬಿಟ್ಟ.

ಮೂರನೇ ಮಹಡಿಯ ನರ್ಸ್ ಒಬ್ಬರು ಮಾತ್ರ ತಮ್ಮ ಕಾರಿನ ಪಾಲಿಸಿ ತಂದು, ಕುರ್ಚಿ ಎಳೆದುಕೊಂಡು, ಮೊದಲ ಕಲಮಿನಿಂದ ಕೊನೆಯವರೆಗೆ ಎರಡು ಗಂಟೆ ಕೇಳಿದರು. ನಡುನಡುವೆ ಪ್ರಶ್ನೆ ಹಾಕಿದರು. ದೀರ್ಘಣ್ಣ ಒಂದೊಂದನ್ನೂ ಬಿಡಿಸಿ ಹೇಳಿದರು.

ಮರುದಿನ ಆಕೆ ಕಾರನ್ನು ಮಾರಿಬಿಟ್ಟರು. ಸುದ್ದಿ ಕೇಳಿದ ದೀರ್ಘಣ್ಣನಿಗೆ, ಒಬ್ಬರಿಗಾದರೂ ಅರ್ಥವಾಯಿತಲ್ಲ ಎಂದು ಒಳಗೊಳಗೇ ಹೆಮ್ಮೆಯಾಯಿತು.